ಊರು ಬಿಟ್ಟವರ ಚಿತ್ರಸರಣಿಗೆ ಮಲೆನಾಡಿನ ಪ್ರಾಣಿಗಳು: ಮುಖವಾಡ ತೊಡಿಸಿದ ಹಾಗೆ ಕಾಣದಂತೆ ಬಿಡಿಸುವುದು ಹೇಗೆ?

ಕಾನಂಚು

ಎಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ನೆಲೆಯಾದವರು ಆ ಜಾಗಕ್ಕೆ ಹೇಗೆ ಒಗ್ಗಿಕೊಳ್ಳುತ್ತಾರೆ ಎಂಬುದರ ಮೇಲೆ ಎಂಟು ಚಿತ್ರಗಳ ಸರಣಿಗೆ ಕೈ ಹಾಕಿದ್ದೇನೆ. ಮಾತಿನ ಧಾಟಿ ಬದಲಾಗುವುದು, ನಾಲ್ಕು ಜನರ ಎದುರು ಕೂರುವ ರೀತಿ ಬದಲಾಗುವುದು, ಮೇಲಿನವರ ಮುಂದೆ ನಗುವ ರೀತಿ, ಹಬ್ಬಕ್ಕೆ ಊರಿಗೆ ಬಂದ ಕೂಡಲೇ ಎಲ್ಲವೂ ಮತ್ತೆ ಹಳೆಯದಕ್ಕೆ ಹೊರಳುವುದು, ಇವು ವಿಷಯ. ಇದನ್ನು ನಮ್ಮ ಕಾಡು, ಗದ್ದೆ, ತೋಟದ ಪ್ರಾಣಿಪಕ್ಷಿಗಳ ಮೂಲಕ ಹೇಳಬೇಕು ಅಂತಿದೆ. ಎರಡಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸ್, ಅಕ್ರಿಲಿಕ್ ಬಣ್ಣ.

ಈಗಿನ ಸ್ಕೆಚ್‌ಗಳಲ್ಲಿ ಮನುಷ್ಯನ ಮೈಗೆ ಪ್ರಾಣಿಯ ತಲೆ ಕೂರಿಸಿದ್ದೇನೆ: ಇನ್‌ಶರ್ಟ್ ಮಾಡಿದ ನರಿ, ಲ್ಯಾಪ್‌ಟಾಪ್ ಮುಂದೆ ಮುಸುವ, ಸಿಟಿ ಬಸ್ಸಿನಲ್ಲಿ ನಿಂತ ಎತ್ತು. ಎಲ್ಲವೂ ಮಕ್ಕಳ ಕಥೆಯ ಚಿತ್ರದ ಹಾಗೆ ಕಾಣುತ್ತಿವೆ. ತಲೆ ಮೈಗೆ ಸೇರುತ್ತಿಲ್ಲ, ಮುಖವಾಡ ಹಾಕಿ ನಿಲ್ಲಿಸಿದಂತಿದೆ.

ತಿಳಿದವರು ಹೇಳಬೇಕಾದ್ದು ಇಷ್ಟು. ಯಾವ ಪ್ರಾಣಿಗಳನ್ನು ಆರಿಸಬೇಕು? ತಲೆ-ಮೈ ಜೋಡಣೆ ಎಲ್ಲಿ ತಪ್ಪುತ್ತದೆ? "ನಮ್ಮನ್ನು ಪ್ರಾಣಿ ಅಂದರು" ಅಂತ ನೋಡುವವರು ನೊಂದುಕೊಳ್ಳದ ಹಾಗೆ ಏನು ಮಾಡಬಹುದು? ನಮ್ಮ ಕಡೆ ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಕೆಮ್ಮಣ್ಣು, ಗೆರೆ ಇವನ್ನು ಕ್ಯಾನ್ವಾಸಿಗೆ ತರಬಹುದೇ? ಕೆಲಸವೆಲ್ಲ ಆಷಾಢ-ಶ್ರಾವಣದಲ್ಲೇ ನಡೆಯಬೇಕಾಗಿದೆ, ಬೂಷ್ಟಿನ ವಿಚಾರವೂ ಬೇಕು.

ನೀರುಕಾಗೆ

ಪ್ರಾಣಿಯ ಆಯ್ಕೆಯಿಂದಲೇ ಶುರು ಮಾಡೋಣ. ಅದು ಸರಿಹೋದರೆ ಜೋಡಣೆಯ ಕಷ್ಟ ಅರ್ಧ ತಾನಾಗಿಯೇ ಕಳೆಯುತ್ತದೆ. ನರಿ ಅಂದರೆ ಕುತಂತ್ರ, ಎತ್ತು ಅಂದರೆ ದುಡಿತ ಅನ್ನುವುದು ನೋಡುವವರಿಗೆ ಬಾಯಿಪಾಠ. ಅದನ್ನೇ ಇಟ್ಟುಕೊಂಡರೆ ಚಿತ್ರದಲ್ಲಿ ನೋಡಲು ಏನೂ ಉಳಿಯುವುದಿಲ್ಲ. ನಿಮ್ಮ ವಿಷಯ ಒಗ್ಗಿಕೊಳ್ಳುವುದು. ಹಾಗಾಗಿ ಪ್ರಾಣಿಗೆ ಕಥೆಗಳು ಅಂಟಿಸಿದ ಗುಣ ಬಿಟ್ಟುಬಿಡಿ, ಬದುಕಿ ಉಳಿಯಲು ಅದು ನಿಜವಾಗಿ ಏನು ಮಾಡುತ್ತದೆ ನೋಡಿ. ನಮ್ಮ ಸುತ್ತಲೇ ಇಂಥವು ಬೇಕಾದಷ್ಟಿವೆ.

ಮೊದಲನೆಯದು ಗೋವಕ್ಕಿ. ದನ ಮೇಯುವಾಗ ಅದರ ಕಾಲಿನ ಬುಡದಿಂದ ಏಳುವ ಮಿಡತೆ ಹಿಡಿದು ತಿನ್ನುವ ಹಕ್ಕಿ. ಈಗ ಗದ್ದೆಗೆ ಟಿಲ್ಲರ್ ಇಳಿದರೆ ಅದರ ಹಿಂದೆಯೂ ಅದೇ ನಡಿಗೆಯಲ್ಲಿ ಬರುತ್ತದೆ. ಮುಂದೆ ನಡೆಯುವುದು ಬದಲಾಗಿದೆ, ಹಿಂದೆ ನಡೆಯುವ ಕ್ರಮ ಹಾಗೇ ಇದೆ. ಊರು ಬಿಟ್ಟವನ ಕಥೆ ಇದರೊಳಗೆ ಪೂರ್ತಿ ಇದೆ, ಶರ್ಟು ಪ್ಯಾಂಟು ಬೇಕೇ ಆಗುವುದಿಲ್ಲ. ಬಿಡಿಸುವಾಗ ಇಡೀ ಟಿಲ್ಲರ್ ತೋರಿಸಬೇಡಿ. ಕೆಸರು ಮೆತ್ತಿದ ಕೇಜ್ ವೀಲ್ ಮಾತ್ರ ಮೇಲಂಚಿನಲ್ಲಿ ಕತ್ತರಿಸಿದಂತೆ ಬರಲಿ. ಚಕ್ರಕ್ಕೂ ಹಕ್ಕಿಗೂ ನಡುವಿನ ಅಂತರ ಹಕ್ಕಿಯ ಒಂದು ಮೈಯುದ್ದದಷ್ಟಿರಲಿ. ಅದಕ್ಕಿಂತ ದೂರವಾದರೆ ಬರೀ ಗದ್ದೆಯ ನೋಟವಾಗಿಬಿಡುತ್ತದೆ, ಅಪಾಯ ಮತ್ತು ಅವಲಂಬನೆ ಎರಡೂ ಹೋಗುತ್ತವೆ.

ಬಿಳಿ ಹಕ್ಕಿಗೆ ಟ್ಯೂಬಿನಿಂದ ನೇರ ಬಿಳಿ ಬಳಿದರೆ ಸುಣ್ಣದ ಗೊಂಬೆಯಾಗುತ್ತದೆ. ಆಕಾಶದ ಕಡೆಯ ನೆರಳಿಗೆ ಟೈಟೇನಿಯಂ ವೈಟ್‌ಗೆ ಸ್ವಲ್ಪ ಅಲ್ಟ್ರಾಮರೀನ್, ಸೂಜಿಮೊನೆಯಷ್ಟು ಬರ್ನ್ಟ್ ಸಿಯೆನ್ನಾ. ಹೊಟ್ಟೆಯ ಕಡೆ ಕೆಸರಿನ ಬೆಳಕು ಹೊಡೆಯುವುದರಿಂದ ಅದೇ ಬಿಳಿಗೆ ರಾ ಸಿಯೆನ್ನಾ. ಅಪ್ಪಟ ಬಿಳಿ ಬೆನ್ನಿನ ಮೇಲ್ಭಾಗದಲ್ಲಿ, ಹಕ್ಕಿಯ ಹತ್ತರಲ್ಲೊಂದು ಪಾಲಿನಷ್ಟೇ. ಇನ್ನೊಂದು ಎಚ್ಚರಿಕೆ: ಫೋಟೊ ನೋಡಿ ಬಿಡಿಸುವಾಗ ಜಾತಿ ಗುರುತಿಸಿಕೊಳ್ಳಿ. ಗೋವಕ್ಕಿಗೆ ಹಳದಿ ಕೊಕ್ಕು, ಗಿಡ್ಡ ದಪ್ಪ ಕುತ್ತಿಗೆ, ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಛಾಯೆ. ಸಣ್ಣ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಗದ್ದೆ ಕಂಡವರಿಗೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ, ಆಮೇಲೆ ಅವರು ಚಿತ್ರವನ್ನು ನಂಬುವುದಿಲ್ಲ.

ಎರಡನೆಯದು ನನ್ನ ಪ್ರಕಾರ ಇಡೀ ಸರಣಿಯ ಜೀವವಾಗಬಲ್ಲದ್ದು. ಚಗಳಿ ಗೊತ್ತಲ್ಲ, ಮಾವು, ಗೇರು ಮರದಲ್ಲಿ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪಿರುವೆ. ಸಾಲುಗಟ್ಟಿ ಒಂದರ ಸೊಂಟ ಇನ್ನೊಂದು ಹಿಡಿದು ಎಲೆಯಂಚು ಎಳೆಯುತ್ತವೆ, ಮರಿಹುಳುವನ್ನು ಬಾಯಲ್ಲಿ ಕಚ್ಚಿ ಮಗ್ಗದ ಲಾಳಿಯಂತೆ ಅತ್ತಿತ್ತ ಆಡಿಸಿ ಅದರ ರೇಷ್ಮೆಯಿಂದ ಎಲೆ ಹೊಲಿಯುತ್ತವೆ. ಇದೇ ಚಗಳಿಯ ಹಾಗೆ ಕಾಣುವ ಒಂದು ಜಿಗಿಜೇಡವಿದೆ. ಮೈ ಎರಡು ಕಡೆ ಸಣ್ಣಗಾಗಿ ಇರುವೆಯ ಹಾಗೆ ಮೂರು ತುಂಡಾಗಿ ಕಾಣುತ್ತದೆ. ಕಾಲು ಎಂಟಿದ್ದರೂ ಮುಂದಿನ ಜೋಡಿಯನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತದೆ. ಚಗಳಿಗೆ ಹೆದರುವ ಶತ್ರುಗಳು ಹತ್ತಿರ ಬರದಿರಲಿ ಅಂತ ಈ ವೇಷ. ಆದರೆ ಚಗಳಿಗೇ ಸಿಕ್ಕಿಬಿದ್ದರೆ ಅವು ಕಚ್ಚಿ ಹಾಕುತ್ತವೆ, ಅದಕ್ಕೆ ಅವುಗಳ ನಡುವೆಯೂ ಹೋಗದೆ, ಬಿಟ್ಟೂ ಇರದೆ ಅಂಚಿನಲ್ಲೇ ಓಡಾಡುತ್ತದೆ. ಯಾರಂತೆ ಕಾಣಬೇಕೋ ಅವರನ್ನು ಕಂಡೇ ಹೆದರಿಕೆ. ಕಚೇರಿಗೆ ಹೊಸದಾಗಿ ಸೇರಿ ಅವರ ಇಂಗ್ಲಿಷನ್ನೂ ನಗುವನ್ನೂ ನಕಲು ಮಾಡುವವನ ಸ್ಥಿತಿ ಇದಕ್ಕಿಂತ ನಿಖರವಾಗಿ ಬೇರೆ ಯಾವ ಪ್ರಾಣಿಯಲ್ಲೂ ಸಿಗುವುದಿಲ್ಲ.

ನಿಮ್ಮ ಅಳತೆಯ ಕ್ಯಾನ್ವಾಸಿಗೆ ಇಪ್ಪತ್ತು-ಇಪ್ಪತ್ತೈದು ಚಗಳಿ, ಒಂದು ಜೇಡ ಸಾಕು. ಒಂದೊಂದೂ ಎರಡೂವರೆಯಿಂದ ಮೂರು ಇಂಚು. ಅದಕ್ಕಿಂತ ದೊಡ್ಡದಾದರೆ ಹೆದರಿಸುವ ಚಿತ್ರವಾಗುತ್ತದೆ. ಬಣ್ಣ ಎಲ್ಲಕ್ಕೂ ಒಂದೇ: ಹಳದಿ ಓಕರ್ ಮೇಲೆ ತೆಳುವಾಗಿ ಬರ್ನ್ಟ್ ಸಿಯೆನ್ನಾ, ಮೈಯ ಅಂಚಿನಲ್ಲಿ ಬೆಳಕು ತೂರಿ ಬಂದ ಹಾಗೆ ಓಕರ್ ಹಾಗೇ ಬಿಡಿ. ಜೇಡಕ್ಕೆ ಬೇರೆ ಬಣ್ಣ ಕೊಡುವ ಆಸೆ ಬರುತ್ತದೆ, ಕೊಟ್ಟರೆ ಕೆಟ್ಟಿತು. ವ್ಯತ್ಯಾಸ ಮೂರೇ ಕಡೆ ಇರಲಿ. ಚಗಳಿಗಳು ಮೀಸೆಯಿಂದ ಒಂದನ್ನೊಂದು ಮುಟ್ಟುತ್ತಿರುತ್ತವೆ, ಜೇಡ ಯಾರನ್ನೂ ಮುಟ್ಟಿರುವುದಿಲ್ಲ. ಚಗಳಿ ಚಗಳಿ ನಡುವೆ ಇರುವುದಕ್ಕಿಂತ ಜೇಡದ ಸುತ್ತ ಎರಡು ಪಟ್ಟು ಜಾಗ. ಮತ್ತು ಅದರ ಮುಂಭಾಗದ ಎರಡು ದೊಡ್ಡ ಕಣ್ಣು ನೇರ ನೋಡುಗರ ಕಡೆಗೆ. ಮೊದಲ ನೋಟಕ್ಕೆ ಅದು ಸಿಗಲೇಬಾರದು.

ಭೀಮರಾಜ ಹಕ್ಕಿಯನ್ನೂ ಯೋಚಿಸಿ. ಬೇರೆ ಹಕ್ಕಿಗಳ ದನಿ, ಅವುಗಳ ಅಪಾಯದ ಕೂಗು ಎಲ್ಲವನ್ನೂ ನಕಲು ಮಾಡುತ್ತದೆ, ಹಲವು ಜಾತಿಯ ಹಕ್ಕಿಗಳ ಗುಂಪಿನ ಜತೆ ಮೇಯುತ್ತದೆ. ದನಿಯನ್ನು ಬಣ್ಣದಲ್ಲಿ ತೋರಿಸಲು ಅದರ ಕೊಕ್ಕಿನಿಂದ ಅಕ್ಷರ, ಅಲೆ ಹೊರಡಿಸಬೇಡಿ. ಏಳೆಂಟು ಬೇರೆ ಬೇರೆ ಹಕ್ಕಿಗಳನ್ನು ಬಿಡಿಸಿ ಎಲ್ಲದರ ತಲೆಯೂ ಭೀಮರಾಜನ ಕಡೆ ತಿರುಗಿರಲಿ, ಅಷ್ಟರಲ್ಲೇ ಕೂಗು ಕೇಳುತ್ತದೆ. ಬಾಲದ ಹೊರಗಿನ ಎರಡು ಗರಿಗಳ ಕಡ್ಡಿ ಬೋಳಾಗಿ ಹೋಗಿ ತುದಿಯಲ್ಲಿ ಮಾತ್ರ ಎಲೆಯಷ್ಟು ಗರಿ, ಅದೂ ತಿರುಚಿಕೊಂಡಿರುತ್ತದೆ. ನೇರ ಚಮಚದ ಹಾಗೆ ಬಿಡಿಸಬೇಡಿ.

ಪಿ.ಜಿ. ಅಥವಾ ಹಾಸ್ಟೆಲಿನ ಚಿತ್ರ ಬೇಕಿದ್ದರೆ ಮಂಡಗದ್ದೆಗೆ ಹೋಗಿ ಬನ್ನಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಒಟ್ಟಿಗೇ ಗೂಡು ಕಟ್ಟುತ್ತವೆ. ಮಳೆಗಾಲದಲ್ಲಿ ಬುಡ ಮುಳುಗಿ ಮರದ ತಲೆ ಮಾತ್ರ ನೀರಿನ ಮೇಲಿರುತ್ತದೆ, ಇದ್ದಷ್ಟು ಕೊಂಬೆಯನ್ನೇ ಎಲ್ಲವೂ ಹಂಚಿಕೊಳ್ಳಬೇಕು. ದಡದಿಂದಲೇ ದುರ್ಬೀನಿನಲ್ಲಿ ನೋಡಿ ಸ್ಕೆಚ್ ಮಾಡಬಹುದು.

ಗೆರೆಬಣ್ಣ

ಜೋಡಣೆಯ ಬಗ್ಗೆ ನಾನು ಹೇಳುತ್ತೇನೆ.

ಮನುಷ್ಯನ ತಲೆಬುರುಡೆ ಬೆನ್ನುಮೂಳೆಯ ಮೇಲೆ ಕೆಳಗಿನಿಂದ ಕೂತಿರುತ್ತದೆ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಬೆನ್ನುಮೂಳೆ ಬುರುಡೆಯ ಹಿಂಭಾಗಕ್ಕೆ ಸೇರುತ್ತದೆ. ನೀವು ನೆಟ್ಟಗಿನ ಕುತ್ತಿಗೆಯ ಮೇಲೆ ಎತ್ತಿನ ತಲೆ ಇಟ್ಟಿದ್ದೀರಿ, ಅದಕ್ಕೇ ಮುಖವಾಡ ಅನ್ನಿಸುತ್ತಿದೆ. ಕತ್ತಿನ ಹಿಂದೆ ಕೈಗೆ ಸಿಗುವ ಉಬ್ಬುಮೂಳೆಯಿಂದಲೇ ಕುತ್ತಿಗೆಯನ್ನು 30ರಿಂದ 45 ಡಿಗ್ರಿ ಮುಂದಕ್ಕೆ ಬಾಗಿಸಿ, ಭುಜ ಸ್ವಲ್ಪ ಹಿಂದಕ್ಕೆ ಸರಿಸಿ, ಕಿವಿಯ ಹಿಂದಿನಿಂದ ಭುಜದವರೆಗೆ ದಪ್ಪ ಸ್ನಾಯು ತುಂಬಿ. ಭಾರ ಮುಂದೆ ಬಂದದ್ದರಿಂದ ಸೊಂಟ ಹಿಂದಕ್ಕೆ ಹೋಗಬೇಕು, ಮೊಣಕಾಲು ಚೂರು ಮಡಿಯಬೇಕು. ಇಷ್ಟು ಮಾಡದೆ ತಲೆ ಮಾತ್ರ ಬದಲಿಸಿದರೆ ದೇಹಕ್ಕೆ ಆ ತಲೆಯ ತೂಕವೇ ಗೊತ್ತಿಲ್ಲದ ಹಾಗೆ ಕಾಣುತ್ತದೆ.

ಅಳತೆ: ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆ. ಎತ್ತಿನ ತಲೆ ನಿಜವಾದ ಅಳತೆಯಲ್ಲಿ ಅದರ ಎರಡು ಪಟ್ಟು ಉದ್ದ. ಹಾಗೇ ಇಟ್ಟರೆ ಮೈ ಕುಬ್ಜವಾಗುತ್ತದೆ, ಮನುಷ್ಯನ ತಲೆಯಷ್ಟಕ್ಕೇ ಇಳಿಸಿದರೆ ಆಟಿಕೆ. ಒಂದೂ ಕಾಲಿನಿಂದ ಒಂದೂವರೆ ಪಟ್ಟಿನ ನಡುವೆ ನಿಲ್ಲಿಸಿ. ದನ, ಜಿಂಕೆ, ಕಾಟಿಯ ಕಣ್ಣು ಪಕ್ಕದಲ್ಲಿರುವುದರಿಂದ ಎದುರು ನೋಟ ಬೇಡ, ಮುಕ್ಕಾಲು ನೋಟ ತೆಗೆದುಕೊಳ್ಳಿ. ದನದ ಕಿವಿ ಕೊಂಬಿನ ಕೆಳಗಿನಿಂದ ಅಡ್ಡಲಾಗಿ ಹೊರಡುತ್ತದೆ. ಬಹಳ ಜನ ಕೊಂಬಿನ ಮುಂದೆ ನೆಟ್ಟಗೆ ನಿಲ್ಲಿಸಿಬಿಡುತ್ತಾರೆ. ಶರ್ಟಿನ ಕಾಲರ್ ಹಾಕಿ ಸೇರುವ ಜಾಗ ಮುಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಮುಖವಾಡದ ಅಂಚು ಇರುವುದೂ ಅಲ್ಲೇ. ಕೊರಳು ತೆರೆದಿಡಿ. ಕೆನ್ನೆಯಲ್ಲಿ ದಟ್ಟ ರೋಮ, ಗಂಟಲಲ್ಲಿ ವಿರಳ, ಎದೆಯ ಮೇಲೆ ಬರೀ ಚರ್ಮ ಅಂತ ನಿಧಾನವಾಗಿ ಇಳಿಸಿ. ಒಂದೇ ದಿಕ್ಕಿನ ಬೆಳಕಿನ ನೆರಳು ತಲೆಯಿಂದ ಎದೆಯವರೆಗೆ ಮುರಿಯದೆ ಬೀಳಲಿ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಪ್ರಾಣಿತಲೆಯನ್ನೇ ಬಿಡಿ ಅಂತ. ಕಾರಣ ಅಂಗರಚನೆಯದಲ್ಲ. ನಮ್ಮಲ್ಲಿ ಮನುಷ್ಯನ ಮೈಗೆ ಪ್ರಾಣಿಯ ತಲೆ ಅಂದರೆ ಗಣಪತಿ, ನರಸಿಂಹ, ವರಾಹ. ನಿಮ್ಮದೇ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಕಂಬವಿದೆ, ಮನುಷ್ಯನ ಮೈ, ಎರಡು ಹಕ್ಕಿತಲೆ. ನೋಡುವವರ ಕಣ್ಣು ಈ ರೂಪವನ್ನು ದೈವವೆಂದೋ ವೀರವೆಂದೋ ಓದಲು ಸಾವಿರ ವರ್ಷದಿಂದ ಪಳಗಿದೆ. ಅದಕ್ಕೆ ಲ್ಯಾಪ್‌ಟಾಪ್ ಕೊಟ್ಟರೆ ದೇವರೂ ಆಗದೆ ಮನುಷ್ಯನೂ ಆಗದೆ ವ್ಯಂಗ್ಯಚಿತ್ರವಾಗುತ್ತದೆ.

ಇದಕ್ಕೆ ಬೇರೆ ದಾರಿ ತೋರಿಸಿದವರು ಪೋರ್ಚುಗಲ್ ಮೂಲದ ಚಿತ್ರಕಾರ್ತಿ ಪಾವುಲಾ ರೇಗೊ. 1994ರಲ್ಲಿ ಅವರು ಪೇಸ್ಟಲ್‌ನಲ್ಲಿ ಮಾಡಿದ 'ಡಾಗ್ ವುಮನ್' ಚಿತ್ರಗಳಲ್ಲಿ ನಾಯಿಯ ಒಂದು ಅಂಗವೂ ಇಲ್ಲ. ಇರುವುದು ಹೆಂಗಸರು ಮಾತ್ರ, ಕೂರುವುದು, ಕುಕ್ಕರಿಸುವುದು, ಗುರುಗುಟ್ಟುವುದು ನಾಯಿಯದು. ಮೈಯೊಳಗೆ ಪ್ರಾಣಿ ಇದೆ, ಮೈಮೇಲೆ ಇಲ್ಲ.

ಹೀಗೆ ಮಾಡಲು ಕ್ರಮ ಇದೆ. ಜೀವಂತ ಪ್ರಾಣಿಯನ್ನು ನೋಡುತ್ತ ಮೂವತ್ತು ಸೆಕೆಂಡಿನ ಸ್ಕೆಚ್ ಹಾಕಿ, ಹಣೆಯಿಂದ ಬಾಲದ ಬುಡದವರೆಗೆ ಒಂದೇ ಗೆರೆ, ಬೇರೇನೂ ಬೇಡ. ಇಂಥ ಒಂದು ಪುಟ ತುಂಬಿದ ಮೇಲೆ ಎರಡು ನಿಮಿಷದವು, ಅದರಲ್ಲಿ ಭಾರ ಯಾವ ಕಾಲಿನ ಮೇಲಿದೆ ಅನ್ನುವುದನ್ನು ಗುರುತಿಸಿ. ಆಮೇಲೆ ಟ್ರೇಸಿಂಗ್ ಹಾಳೆ ಮೇಲಿಟ್ಟು ಆ ಬೆನ್ನುಗೆರೆಗೇ ಮನುಷ್ಯನ ಎದೆಗೂಡು, ಸೊಂಟದ ಗೂಡು ಎರಡನ್ನು ಜೋಡಿಸಿ. ಕೈಕಾಲು ಕೊನೆಗೆ. ಮೊದಲು ಕೈಕಾಲು ಹಾಕಿದರೆ ಕೈ ನಮಗೆ ಗೊತ್ತಿರುವ ಭಂಗಿಗೇ ಹೋಗುತ್ತದೆ, ಪ್ರಾಣಿ ಕಳೆದುಹೋಗುತ್ತದೆ. ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳನ್ನು ತುಂಗೆಯ ಹಿನ್ನೀರಿಗೆ ಸ್ನಾನಕ್ಕೆ ಇಳಿಸುವ ಹೊತ್ತು ಈ ಅಭ್ಯಾಸಕ್ಕೆ ತುಂಬ ಒಳ್ಳೆಯದು, ಆನೆ ನಿಧಾನಕ್ಕೆ ಏಳುತ್ತದೆ, ನಿಧಾನಕ್ಕೆ ಮಗ್ಗುಲಾಗುತ್ತದೆ, ಗೆರೆ ಹಿಡಿಯಲು ಸಮಯ ಸಿಗುತ್ತದೆ.

ಕಾನಂಚು

ಇಬ್ಬರಿಗೂ ಧನ್ಯವಾದ. ನರಿ, ಎತ್ತು ಎರಡನ್ನೂ ಕೈಬಿಟ್ಟೆ. ಗೋವಕ್ಕಿ ಮತ್ತು ಚಗಳಿ ಸಾಲು ಖಂಡಿತ. ಮೇಲಿನವರ ಮುಂದಿನ ನಗುವಿಗೆ ಮಂಗನನ್ನು ತೆಗೆದುಕೊಳ್ಳಬಹುದೇ? ಆಗುಂಬೆ ಘಾಟಿ, ಜೋಗದ ಕಡೆ ಮಂಗಗಳು ಹಲ್ಲು ಕಿರಿಯುವುದು ನಗುವಿನ ಹಾಗೇ ಕಾಣುತ್ತದೆ. ಆದರೆ ಮಂಗ ಅಂದರೆ ಬೈಗುಳ ಅಂತ ತೆಗೆದುಕೊಳ್ಳುತ್ತಾರೇನೋ ಅನ್ನುವುದೇ ಯೋಚನೆ.

ನೀರುಕಾಗೆ

ತೆಗೆದುಕೊಳ್ಳಲೇಬೇಕು. ಹಲ್ಲು ಕಚ್ಚಿಕೊಂಡು ಹಲ್ಲುಸಾಲು ಪೂರ್ತಿ ತೋರಿಸುವುದು ಮಂಗಗಳಲ್ಲಿ ಸಂತೋಷವಲ್ಲ. ಗುಂಪಿನಲ್ಲಿ ಕೆಳಗಿರುವ ಮಂಗ ಮೇಲಿನದಕ್ಕೆ "ನಾನು ಜಗಳಕ್ಕಿಲ್ಲ" ಅಂತ ಒಪ್ಪಿಸುವ ರೀತಿ ಅದು. ನಿಮಗೆ ಬೇಕಾದದ್ದು ಇದೇ ತಾನೆ.

ಬಿಡಿಸುವಾಗ ಮನುಷ್ಯನ ನಗು ನುಸುಳುವುದು ತುಟಿಯ ತುದಿಯಲ್ಲಿ. ನಾವು ನಕ್ಕರೆ ತುದಿ ಮೇಲಕ್ಕೆ ಹೋಗುತ್ತದೆ, ಕೆನ್ನೆ ಉಬ್ಬುತ್ತದೆ, ಕಣ್ಣಿನ ಕೆಳಗೆ ಸುಕ್ಕು. ಹೆದರಿದ ಮಂಗನ ತುಟಿ ಅಡ್ಡಕ್ಕೆ ಹಿಂದೆಳೆದಿರುತ್ತದೆ, ಮೇಲಿನ ಕೆಳಗಿನ ಎರಡೂ ಹಲ್ಲುಸಾಲು ಕಚ್ಚಿಕೊಂಡು ಒಸಡೂ ಕಾಣುತ್ತದೆ, ಕಿವಿ ತಲೆಗೆ ಒತ್ತಿರುತ್ತದೆ, ನೋಟ ಎದುರಿನವನ ಮುಖ ತಪ್ಪಿಸಿ ಪಕ್ಕಕ್ಕೆ. ಗದರಿಸುವ ಮಂಗ ಇದಕ್ಕೆ ಪೂರ್ತಿ ಬೇರೆ: ಬಾಯಿ ತೆರೆದಿರುತ್ತದೆ, ದೃಷ್ಟಿ ನೆಟ್ಟಿರುತ್ತದೆ, ಹುಬ್ಬು ಮೇಲೆ. ಎರಡನ್ನೂ ಕಲಸಿದರೆ ಕಚ್ಚಲು ಬಂದ ಹಾಗೆ ಕಾಣುತ್ತದೆ. ನಮ್ಮೂರ ಕೆಂಚುಮಂಗನ ನೆತ್ತಿಯ ಕೂದಲು ನಡುವಿನಿಂದ ಸುತ್ತ ಹರಡಿ ಟೊಪ್ಪಿಯ ಹಾಗೆ ಕೂತಿರುತ್ತದೆ, ಬಾಲ ಮೈಯಷ್ಟೇ ಅಥವಾ ಇನ್ನೂ ಉದ್ದ. ಮುಸುವಕ್ಕೆ ಮುಖ, ಕೈ, ಕಾಲು ಕಪ್ಪು. ಸಿಂಗಳೀಕಕ್ಕೆ ಮುಖದ ಸುತ್ತ ಬೂದುಬಿಳಿ ಕೇಸರ. ಮೂರನ್ನೂ ಒಂದೇ ಅಂತ ಬಿಡಿಸಬೇಡಿ.

ಸ್ಕೆಚ್‌ಗೆ ಕಾಡಿನೊಳಗೆ ಹೋಗುವವರಿಗೆ ಒಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಹರಡುವುದು ಉಣ್ಣೆಹುಳದಿಂದ (ಉಣುಗು), ಹೆಚ್ಚು ಕಾಣಿಸುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಆ ತಿಂಗಳುಗಳಲ್ಲಿ ತರಗೆಲೆ ಮೇಲೆ ಕೂತು ಬರೆಯಬೇಡಿ, ಕೈಕಾಲಿಗೆ ಉಣ್ಣೆಹುಳ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಹತ್ತಿರದ ನೋಟಕ್ಕಾಗಿ ಮಂಗಗಳಿಗೆ ತಿಂಡಿ ಹಾಕುವುದೂ ಬೇಡ.

ಹಳೇಪೇಟೆ

ನೋವಾಗುವ ವಿಚಾರ ಯಾರೂ ಮುಟ್ಟಿಲ್ಲ, ಅದನ್ನು ಹಗುರವಾಗಿ ಬಿಡಬಾರದು.

ಮನುಷ್ಯಮುಖಕ್ಕೂ ಪ್ರಾಣಿಮುಖಕ್ಕೂ ಹೋಲಿಕೆ ಹುಡುಕುವ ಚಟಕ್ಕೆ ಕೆಟ್ಟ ಇತಿಹಾಸವಿದೆ. ಇಟಲಿಯ ಡೆಲ್ಲಾ ಪೋರ್ತಾ 1586ರಲ್ಲಿ, ಫ್ರಾನ್ಸಿನ ಶಾರ್ಲ್ ಲೆ ಬ್ರೂನ್ 1671ರ ಸುಮಾರಿಗೆ, ಮುಖ ಯಾವ ಪ್ರಾಣಿಯನ್ನು ಹೋಲುತ್ತದೋ ಸ್ವಭಾವವೂ ಅದರದೇ ಅಂತ ಚಿತ್ರ ಸಮೇತ ವಾದಿಸಿದರು. ಮುಂದೆ ಇದೇ ಧಾಟಿ ಜನಾಂಗಗಳನ್ನು ಮೇಲು ಕೀಳು ಅಂತ ಸಾಲು ನಿಲ್ಲಿಸುವುದಕ್ಕೆ ಬಳಕೆಯಾಯಿತು. ನಮ್ಮಲ್ಲಿ ಜಾತಿಗೆ ಪ್ರಾಣಿಯ ಹೆಸರಿಟ್ಟು ಬೈಯುವುದು ಇವತ್ತಿಗೂ ಇದೆ. ಆದ್ದರಿಂದ ಮೊದಲ ನಿಯಮ: ಪ್ರಾಣಿಯ ಪಕ್ಕ ಜಾತಿ, ಧರ್ಮದ ಗುರುತು ಇಡಬೇಡಿ. ಜನಿವಾರ, ವಿಭೂತಿ, ಟೋಪಿ, ಶಿಲುಬೆ, ಸೀರೆ ಉಡುವ ಒಂದು ಕಡೆಯವರ ಕಟ್ಟು, ಯಾವುದೂ ಬೇಡ. ಗುರುತು ಬಂತೆಂದರೆ ಸ್ಥಿತಿಯ ಬಗ್ಗೆ ಇದ್ದ ಚಿತ್ರ ಒಂದು ಸಮುದಾಯದ ಬಗ್ಗೆ ಆಗಿಬಿಡುತ್ತದೆ.

ಎರಡನೆಯದು, ಚಿತ್ರದ ಒಬ್ಬರನ್ನು ಮಾತ್ರ ಪ್ರಾಣಿ ಮಾಡಬೇಡಿ. ಸಾಹೇಬ ಮನುಷ್ಯನಾಗಿದ್ದು ಕೆಲಸದವ ಮಂಗನಾದರೆ ಅದು ಅವಮಾನವೇ, ಎಷ್ಟು ವಿವರಿಸಿದರೂ ಅವಮಾನವೇ. ಸ್ಪೇನಿನ ಚಿತ್ರಕಾರ ಗೋಯಾ 1799ರ 'ಕಾಪ್ರಿಚೋಸ್'ನ 80 ಎಚಿಂಗ್‌ಗಳಲ್ಲಿ 37ರಿಂದ 42ರವರೆಗೆ ಕತ್ತೆಗಳನ್ನು ತಂದಿದ್ದಾನೆ. ಅಲ್ಲಿ ಕತ್ತೆ ಮೇಷ್ಟ್ರು, ಕತ್ತೆ ವೈದ್ಯ, ವಂಶಾವಳಿ ತೋರಿಸಿಕೊಳ್ಳುವ ಕತ್ತೆ. ಕೊನೆಯದರಲ್ಲಿ ರೈತರ ಬೆನ್ನಮೇಲೆ ಕತ್ತೆಗಳು ಕೂತಿವೆ, ಹೊತ್ತ ರೈತರು ಮನುಷ್ಯರಾಗಿಯೇ ಇದ್ದಾರೆ. ಯಾರನ್ನು ಪ್ರಾಣಿ ಮಾಡಿದ್ದಾನೆ, ಯಾರನ್ನು ಮಾಡಿಲ್ಲ ನೋಡಿ.

ಮಂಗನ ಚಿತ್ರದಲ್ಲಿ ಮಂಗನೇ ಬೇಡ ಅನ್ನುವುದು ನನ್ನ ಮತ. ನೀರುಕಾಗೆ ಹೇಳಿದ ಬಾಯಿ, ನೋಟ ಅಷ್ಟನ್ನೂ ಮನುಷ್ಯನ ಮುಖಕ್ಕೇ ತನ್ನಿ, ಗೆರೆಬಣ್ಣ ಹೇಳಿದ ರೇಗೊ ಕ್ರಮದಲ್ಲಿ.

ನೀರುಕಾಗೆ

ಹಳೇಪೇಟೆಯವರ ಉಳಿದ ಮಾತು ಒಪ್ಪಿದೆ, ಕೊನೆಯದನ್ನು ಒಪ್ಪಲಾರೆ. ಆ ಬಾಯಿಯನ್ನು ಮನುಷ್ಯನಿಗೆ ಕೊಟ್ಟರೆ ನೋಡುವವರು ಅಸಹಜ ನಗು ಅಂತ ಮಾತ್ರ ಓದುತ್ತಾರೆ. ಒಪ್ಪಿಸಿಕೊಳ್ಳುವ ಸಂಜ್ಞೆ ಅದು ಅನ್ನುವುದು ಎರಡು ಮಂಗ ಎದುರುಬದುರು ಇದ್ದಾಗಲೇ ತಿಳಿಯುವುದು. ಎರಡು ಫಲಕದ ಚಿತ್ರ ಮಾಡಿ. ಎಡಕ್ಕೆ ಮಂಗಗಳಷ್ಟೇ: ಒಂದು ಎತ್ತರದ ಕಲ್ಲಿನ ಮೇಲೆ ನಿರುಮ್ಮಳವಾಗಿ ಕೂತಿದೆ, ಕೆಳಗಿನದು ಹಲ್ಲು ತೋರಿಸಿದೆ. ಬಲಕ್ಕೆ ಮನುಷ್ಯರಷ್ಟೇ: ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು. ಎರಡರಲ್ಲೂ ಕಣ್ಣಿನ ಎತ್ತರ, ನಡುವಿನ ಅಂತರ, ತುಟಿಯ ಗೆರೆ ಒಂದೇ ಅಳತೆ, ಟ್ರೇಸಿಂಗ್ ಹಾಳೆಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸಿ. ಮನುಷ್ಯನನ್ನು ಮಂಗ ಅಂದ ಹಾಗಾಗುವುದಿಲ್ಲ, ಇಬ್ಬರೂ ಮಾಡುತ್ತಿರುವುದು ಒಂದೇ ಅಂತ ಕಾಣುತ್ತದೆ.

ಹಳೇಪೇಟೆ

ಎರಡು ಫಲಕವಾದರೆ ನನ್ನ ತಕರಾರಿಲ್ಲ. ಶೀರ್ಷಿಕೆಯಲ್ಲಿ ಪ್ರಾಣಿಯ ಹೆಸರು ಬರದಿರಲಿ, ಜಾಗ ಅಥವಾ ಹೊತ್ತಿನ ಹೆಸರಿಡಿ.

ಕೆಮ್ಮಣ್ಣು

ಹಸೆ ಚಿತ್ತಾರ ಮತ್ತು ಮಳೆಗಾಲ ಉಳಿಯಿತು.

ಹಸೆ ಚಿತ್ತಾರ ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳ ಕಲೆ, ಮದುವೆಮನೆಯ ಗೋಡೆಯದು. ಮದುವೆಯ ಹಸೆಯನ್ನು ಹಾಗೇ ಎತ್ತಿ ಹಿನ್ನೆಲೆಗೆ ಅಲಂಕಾರ ಮಾಡಬೇಡಿ. ಅದರ ಗೆರೆಯ ಶಿಸ್ತು, ಮಣ್ಣಿನ ಬಣ್ಣ ಎರಡನ್ನು ಕಲಿತು ತನ್ನಿ, ಕಲಿತದ್ದು ಎಲ್ಲಿಂದ ಅಂತ ಪ್ರದರ್ಶನದಲ್ಲಿ ಬರೆಯಿರಿ. ಗೋಡೆಯ ಮೇಲೆ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಕರಿದಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿನಾರು. ಕ್ಯಾನ್ವಾಸಿಗೆ ಇದರಲ್ಲಿ ಕೆಮ್ಮಣ್ಣು ಮತ್ತು ಪುಂಡಿನಾರು ಮಾತ್ರ ಬರಲಿ. ಅಕ್ಕಿಹಿಟ್ಟು ಬಟ್ಟೆ ಅಲುಗಿದಾಗ ಸಿಪ್ಪೆ ಏಳುತ್ತದೆ, ಹುಳಕ್ಕೂ ಬೂಷ್ಟಿಗೂ ಆಹಾರ. ಗಿಡಮೂಲದ ಹಳದಿ ಬೆಳಕಿಗೆ ಮಾಸುತ್ತದೆ. ಅವೆರಡಕ್ಕೆ ಟೈಟೇನಿಯಂ ವೈಟ್, ಹಳದಿ ಓಕರ್ ಬಳಸಿ.

ಕೆಮ್ಮಣ್ಣನ್ನು ಸೋಸುವುದರಲ್ಲೇ ಎಲ್ಲ ಇದೆ. ಬೇರು, ಕಡ್ಡಿ ತೆಗೆದ ಮಣ್ಣು ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತದೆ, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಹೀಗೆ ಮೂರು ಸಲ. ಕೊನೆಗೆ ಹಳೆಯ ಪಂಚೆಯಲ್ಲಿ ಸೋಸಿ ರಾತ್ರಿಯಿಡೀ ಬಿಟ್ಟು ತಿಳಿ ಚೆಲ್ಲಿ, ಗಸಿಯನ್ನು ತಟ್ಟೆಯಲ್ಲಿ ಒಣಗಿಸಿ ಪುಡಿ ಮಾಡಿ. ಎರಡು ಬೆರಳ ನಡುವೆ ಉಜ್ಜಿದರೆ ಗರಗರ ಅನ್ನಬಾರದು. ಮಳೆಗಾಲದಲ್ಲಿ ಒಣಗುವುದು ಕಷ್ಟ, ಅಡಿಕೆ ಒಣಗಿಸುವ ಡ್ರೈಯರ್ ಇದ್ದ ಮನೆಯಾದರೆ ಸುಲಭ.

ಕ್ಯಾನ್ವಾಸಿಗೆ ಪುಡಿ ಒಂದು ಪಾಲಿಗೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಒಂದು ಪಾಲು. ಮೊದಲು ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ ಗಟ್ಟಿ ಮಾಡಿಕೊಂಡು ಆಮೇಲೆ ಮೀಡಿಯಂ ಸೇರಿಸಿ, ಒಣಪುಡಿಯನ್ನೇ ಸುರಿದರೆ ಗಂಟಾಗುತ್ತದೆ. ಒಂದು ತುಂಡಿನ ಮೇಲೆ ಬಳಿದು ಮರುದಿನ ಒದ್ದೆ ಬೆರಳಲ್ಲಿ ಉಜ್ಜಿ. ಬೆರಳಿಗೆ ಬಣ್ಣ ಹತ್ತಿದರೆ ಮೀಡಿಯಂ ಕಮ್ಮಿಯಾಗಿದೆ, ಪ್ಲಾಸ್ಟಿಕ್ ಹಾಗೆ ಹೊಳೆದರೆ ಹೆಚ್ಚಾಗಿದೆ. ಕಾಗದದ ಮೇಲಾದರೆ ಮೀಡಿಯಂ ಬದಲು ಗೋಂದು: ಅರೇಬಿಕ್ ಗೋಂದು ಒಂದು ಪಾಲು, ಬಿಸಿನೀರು ಎರಡು ಪಾಲು, ಬಿರುಕು ಬಿಡದಿರಲು ನಾಲ್ಕು ಹನಿ ಗ್ಲಿಸರಿನ್, ಬೂಷ್ಟು ಬರದಿರಲು ಎರಡು ಹನಿ ಲವಂಗದೆಣ್ಣೆ.

ಇನ್ನು ಮಳೆ. ಗಾಳಿಯ ತೇವಾಂಶ ಶೇಕಡಾ ತೊಂಬತ್ತರ ಮೇಲಿರುವ ದಿನಗಳಲ್ಲಿ ಹತ್ತಿಯ ಕ್ಯಾನ್ವಾಸ್ ಸಡಿಲವಾಗಿ ಜೋಲುತ್ತದೆ. ಆಗ ಮೂಲೆಯ ಬೆಣೆ ಬಡಿದು ಬಿಗಿ ಮಾಡಬೇಡಿ, ಬೇಸಿಗೆಯಲ್ಲಿ ಅದೇ ಬಟ್ಟೆ ಎಳೆದು ಬಣ್ಣ ಬಿರಿಯುತ್ತದೆ. ಎರಡಡಿ-ಮೂರಡಿಗೆ ನನ್ನ ಆಯ್ಕೆ 12 ಮಿ.ಮೀ. ಮೆರೈನ್ ಪ್ಲೈವುಡ್, ಅದಕ್ಕೆ ಅಂಟಿಸಿದ ತೆಳು ಬಟ್ಟೆ. ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಸ್ತರ) ಮುಂದೆ ಮೂರು ಕೋಟು, ಹಿಂದೆ ಎರಡು, ಅಂಚಿಗೆ ಮೂರು. ಹಿಂದೆ ಬಳಿಯದೆ ಬಿಟ್ಟರೆ ಒಂದೇ ಕಡೆ ನೀರು ಕುಡಿದು ಹಲಗೆ ಬಾಗುತ್ತದೆ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಅಂಚಿನಿಂದ ಊದುತ್ತದೆ.

ಬೂಷ್ಟು ಬರುವುದು ಗಾಳಿಯಾಡದ ಕಡೆ. ಹಲಗೆಯನ್ನು ಗೋಡೆಗೆ ತಾಗಿಸದೆ ಎರಡು ಇಂಚು ಬಿಟ್ಟು ನಿಲ್ಲಿಸಿ, ಮಳೆ ಹೊಡೆಯುವ ಪಡುವಣ ಗೋಡೆಗಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಹೊದಿಸಬೇಡಿ. ಬಿಳಿ ಚುಕ್ಕಿ ಕಾಣಿಸಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೀಜ ಎಲ್ಲೆಡೆ ಹರಡುತ್ತದೆ. ಮೊದಲು ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಮನೆಯ ಹೊರಗೆ ಒಯ್ದು, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆ ಒಣ ಬ್ರಶ್‌ನಲ್ಲಿ ತೆಗೆಯಿರಿ.

ಕಾನಂಚು

ಬಹಳ ಉಪಕಾರವಾಯಿತು. ಮೊದಲು ಚಗಳಿ ಸಾಲು ಪ್ಲೈವುಡ್ ಮೇಲೆ, ಆಮೇಲೆ ಎರಡು ಫಲಕದ ಮಂಗ. ಒಂದೇ ಒಂದು ಪ್ರಶ್ನೆ ಉಳಿದಿದೆ: ಪ್ರದರ್ಶನ ಶ್ರಾವಣದಲ್ಲೇ ಆದರೆ ವಾರ್ನಿಶ್ ಯಾವಾಗ? ಸಾಗಿಸುವಾಗ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲವೇ?

ಕೆಮ್ಮಣ್ಣು

ಶ್ರಾವಣದಲ್ಲಿ ವಾರ್ನಿಶ್ ಬೇಡ. ಬಣ್ಣದೊಳಗೆ ತೇವ ಉಳಿದಿದ್ದರೆ ವಾರ್ನಿಶ್ ಅಡಿಯಲ್ಲಿ ಹಾಲಿನ ಬಣ್ಣಕ್ಕೆ ಮಸುಕಾಗುತ್ತದೆ, ಆಮೇಲೆ ತೆಗೆಯುವುದು ಕಷ್ಟ. ವಾರ್ನಿಶ್ ಇಲ್ಲದೆಯೇ ಪ್ರದರ್ಶನ ಮಾಡಿ, ಡಿಸೆಂಬರ್ ಬಿಸಿಲು ಬಂದ ಮೇಲೆ ಮ್ಯಾಟ್ ವಾರ್ನಿಶ್ ತೆಳುವಾಗಿ ಎರಡು ಕೋಟು ಹಚ್ಚಿ. ಹೊಳಪಿನದು ಹಚ್ಚಿದರೆ ಕೆಮ್ಮಣ್ಣಿನ ಮಣ್ಣುತನವೇ ಹೋಗುತ್ತದೆ.

ಅಂಟುವುದು ನಿಜ, ಅಕ್ರಿಲಿಕ್ ಒಣಗಿದ ಮೇಲೂ ಸೆಕೆಗೆ, ಒತ್ತಡಕ್ಕೆ ಮೆತ್ತಗಾಗುತ್ತದೆ. ಪೇಪರ್, ಬಬಲ್ ರ‍್ಯಾಪ್ ಯಾವುದೂ ಬಣ್ಣಕ್ಕೆ ನೇರ ತಾಗಬಾರದು, ಬಬಲ್‌ನ ಉಂಗುರ ಹಾಗೇ ಅಚ್ಚಾಗುತ್ತದೆ. ಬೇಕರಿಯವರು ಬಳಸುವ ಸಿಲಿಕೋನ್ ಲೇಪದ ಕಾಗದ ಮುಖಕ್ಕೆ ಹಾಸಿ, ನಾಲ್ಕು ಮೂಲೆಗೂ ಅರ್ಧ ಇಂಚಿನ ಥರ್ಮೊಕೋಲ್ ತುಂಡು ಇಟ್ಟು, ಮುಖಕ್ಕೆ ಮುಖ ಬರುವಂತೆ ಎರಡೆರಡು ಹಲಗೆ ಕಟ್ಟಿ. ವ್ಯಾನಿನಲ್ಲಿ ಮಲಗಿಸದೆ ನಿಲ್ಲಿಸಿ ಒಯ್ಯಿರಿ, ಜಾಗ ತಲುಪಿದ ಕೂಡಲೇ ಕಟ್ಟು ಬಿಚ್ಚಿ ಗಾಳಿಗಿಡಿ.